ಸೀಮಂತದ ಮನೆಗೆ ಬಂದ ಕೇಕು

ಸೀಮಂತದ ತಟ್ಟೆಗಳ ಸಾಲಿನಲ್ಲಿ ಚಿರೋಟಿ, ಕೊಬ್ಬರಿ ಮಿಠಾಯಿ, ಚಕ್ಕುಲಿ, ಸಕ್ಕರೆ ಅಚ್ಚು ಇವಕ್ಕೆಲ್ಲ ತಲೆಮಾರುಗಳ ಹಕ್ಕಿದೆ. ಈಚೆಗೆ ಅವುಗಳ ನಡುವೆ ಕೇಕೂ ಬಂದು ಕೂತಿದೆ. ಕೂರಲಿ, ನನ್ನ ತಕರಾರಿಲ್ಲ. ಆದರೆ ಬಂದ ಮನೆಯ ರೀತಿನೀತಿ ಕಲಿಯಬೇಕೋ ಬೇಡವೋ? ಅಂಗಡಿಯಿಂದ ಡಬ್ಬದಲ್ಲಿ ಬಂದದ್ದು ಕಲಿಯುವುದಿಲ್ಲ. ಮನೆಯಲ್ಲೇ ಮಾಡಿದರೆ ಕಿವಿ ಹಿಂಡಿ ಕಲಿಸಬಹುದು.

ಮೊದಲ ಪಾಠ ಮೊಟ್ಟೆಯದು. “ಅದರಲ್ಲಿ ಅದು ಹಾಕಿಲ್ಲ ತಾನೆ?” ಎಂದು ಸೋದರತ್ತೆ ಕೇಳಿಯೇ ಕೇಳುತ್ತಾರೆ. ಅವತ್ತಿನ ಮಟ್ಟಿಗೆ ಅದರ ಹೆಸರೆತ್ತುವುದೂ ಮೈಲಿಗೆ. ಇದು ನಮ್ಮ ಮಡಿಯ ಗೋಳು ಎಂದು ನಗುವವರಿಗೆ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿಯ ಕಥೆ ಹೇಳಬೇಕು. ಆತನ ಹೆಂಡತಿಗೆ ಮೊಟ್ಟೆಯೂ ಒಗ್ಗದು, ಯೀಸ್ಟೂ ಒಗ್ಗದು. ಆಕೆಗಾಗಿ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ, 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. ಹೆಂಡತಿಯ ಬಾಯಿಚಪಲ ತೀರಿಸಲು ಇಷ್ಟು ಒದ್ದಾಡಿದ ಗಂಡನನ್ನು ಪ್ರತಿ ಸೀಮಂತದಲ್ಲೂ ನೆನೆಯಬೇಕು. ನಮ್ಮ ಅಡುಗೆಮನೆಗೆ ಮೊಸರು, ಸೋಡಾ ಸಾಕು. ಮೊಸರಿನ ಹುಳಿ ಸೋಡಾಕ್ಕೆ ತಗುಲಿದೊಡನೆ ಗುಳ್ಳೆ ಏಳತೊಡಗುತ್ತದೆ. ಹಿಟ್ಟು ಕಲಸಿಟ್ಟು ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತರೆ ಗುಳ್ಳೆ ಆರಿ ಕೇಕು ಹಲಗೆಯಾಗುತ್ತದೆ. ಓವನ್ ಇಲ್ಲದಿದ್ದರೆ ಕುಕ್ಕರಿದೆ: ತಳಕ್ಕೆ ಉಪ್ಪು ಹರವಿ, ಗ್ಯಾಸ್ಕೆಟ್ಟು, ವೆಯ್ಟು ಎರಡನ್ನೂ ತೆಗೆದಿಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ.

ಇನ್ನು ಬಣ್ಣ. ಗುಲಾಬಿಯಾದರೆ ಹೆಣ್ಣು, ನೀಲಿಯಾದರೆ ಗಂಡು ಎಂದು ಕೇಕಿನೊಳಗೆ ಗುಟ್ಟು ಅಡಗಿಸಿಡುವ ಆಟವನ್ನು 2008ರಲ್ಲಿ ಜನಪ್ರಿಯ ಮಾಡಿದಾಕೆ ಅಮೆರಿಕದ ಜೆನ್ನಾ ಕಾರ್ವುನಿಡಿಸ್. 2019ರಲ್ಲಿ ಆಕೆಯೇ, ಯಾಕಾದರೂ ಶುರು ಮಾಡಿದೆನೋ ಎಂಬರ್ಥದಲ್ಲಿ ಮಾತಾಡಿದಳು. ನಮ್ಮಲ್ಲಿ ಆ ಪ್ರಶ್ನೆಯೇ ಏಳದು. ಹುಟ್ಟುವ ಮೊದಲು ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದನ್ನು 1994ರ ಕಾಯ್ದೆಯೇ ತಡೆದಿದೆ. ಹಾಗಿದ್ದೂ ಗುಲಾಬಿ ನೀಲಿ ಅರ್ಧರ್ಧ ಬಳಿಯುತ್ತಾರೆ, ಯಾವ ಪುರುಷಾರ್ಥಕ್ಕೋ! ಬಸುರಿ ಉಟ್ಟದ್ದು ಹಸಿರು ಸೀರೆ, ತೊಟ್ಟದ್ದು ಹಸಿರು ಬಳೆ. ಕೇಕಿಗೂ ಪಿಸ್ತಾ ಹಸಿರೇ ಇರಲಿ. ಗಾಜಿನ ಬಳೆಗಳನ್ನು ತಟ್ಟೆಯ ಸುತ್ತ ಜೋಡಿಸಿ, ಕ್ರೀಮಿನ ಮೇಲೆ ಮಾತ್ರ ಬೇಡ. ಒಡೆದ ಚೂರು ಯಾರ ಬಾಯಿಗೆ ಹೋದೀತೋ ಯಾರು ಬಲ್ಲರು.

ತಿನ್ನುವುದನ್ನು ಸಿಂಗರಿಸುವುದು ನಮಗೇನು ಹೊಸತಲ್ಲ. ಕೊಬ್ಬರಿ ಗಿಟುಕಿನ ಮೇಲೆ ಹೂಬಳ್ಳಿ ಕೆತ್ತುವ ಹೆಂಗಸರು ಇವತ್ತಿಗೂ ಇದ್ದಾರೆ. ಹಾಲಿನ ಪ್ಯಾಕೆಟ್ಟು ಸುತ್ತಿ ಮದರಂಗಿ ಬಿಡಿಸುವ ಕೈಗೆ ಕ್ರೀಮೇನು ಹೆಚ್ಚು? ಮಾರ್ಚ್ ಏಪ್ರಿಲ್‌ನ ಸೆಕೆಯಲ್ಲಿ ಮಾತ್ರ ಪಾತ್ರೆಯನ್ನೂ ಕಡಗೋಲನ್ನೂ ತಣ್ಣಗಿಟ್ಟು ಕಡೆಯಬೇಕು, ಇಲ್ಲವಾದರೆ ಕ್ರೀಮು ನಿಲ್ಲುವುದೇ ಇಲ್ಲ. ಅಷ್ಟು ರಗಳೆ ಬೇಡವೆಂದರೆ ಅಯ್ಯಂಗಾರ್ ಬೇಕರಿಯ ಹನಿ ಕೇಕಿನ ದಾರಿ ಹಿಡಿಯಿರಿ: ಪಾಕ ಕುಡಿಸಿ, ಜಾಮು ಸವರಿ, ಒಣಕೊಬ್ಬರಿ ಪುಡಿ ಉದುರಿಸುವುದು. ನನ್ನ ಮತವಂತೂ ಅದಕ್ಕೇ. ಮೇಲೆ ಕನ್ನಡದಲ್ಲಿ ಬರೆಯುವವರು ಒತ್ತಕ್ಷರಕ್ಕೆ ಮೊದಲೇ ಜಾಗ ಬಿಟ್ಟುಕೊಳ್ಳಿ. ‘ಅಮ್ಮ’ನ ಒತ್ತು ಅಂಚಿನಿಂದ ಜಾರಿ ತಟ್ಟೆಗೆ ಇಳಿದರೆ ಚೆನ್ನಾಗಿರದು.

ನನಗೆ ಸಹಿಸಲಾಗದ್ದು ಒಂದೇ, ಕೇಕಿನ ಮೇಲೆ ಮಲಗಿಸುವ ಸಕ್ಕರೆಯ ಮಗು. ಗುಂಡು ಕೆನ್ನೆ, ಪುಟ್ಟ ಕಾಲು, ಹೊದಿಕೆ, ಎಲ್ಲ ಸರಿ. ಆಮೇಲೆ? ತುಂಬಿದ ಬಸುರಿಯ ಕೈಗೆ ಚಾಕು ಕೊಟ್ಟು ಕತ್ತರಿಸು ಎನ್ನುತ್ತಾರೆ! “ಶುಭದ ದಿನ ಕೂಸಿಗೆ ಚಾಕು ತೋರಿಸ್ತೀರೇನ್ರೇ?” ಎಂದು ಅಜ್ಜಿ ಎದ್ದು ನಿಲ್ಲುತ್ತಾರೆ. ಸರಿ, ಮಗುವನ್ನು ಎತ್ತಿ ಬದಿಗಿಟ್ಟರೂ ಕಥೆ ಮುಗಿಯದು. ಸಕ್ಕರೆಯದಲ್ಲವೆ, ಸಂಜೆಯೊಳಗೆ ಅಕ್ಕನ ಮಗ ಒಂದು ಕಾಲು ಮುರಿದು ಬಾಯಿಗೆ ಹಾಕಿಕೊಂಡಿರುತ್ತಾನೆ, ಇರುವೆಗಳು ಉಳಿದದ್ದಕ್ಕೆ ಸಾಲುಗಟ್ಟಿರುತ್ತವೆ. ತೊಟ್ಟಿಲನ್ನಷ್ಟೇ ಮಾಡಿ ಖಾಲಿ ಬಿಡಬಹುದಲ್ಲ ಎಂದರೆ, ಖಾಲಿ ತೊಟ್ಟಿಲು ತೂಗಬಾರದು ಎನ್ನುವ ಇನ್ನೊಬ್ಬ ಅಜ್ಜಿ ಹುಟ್ಟಿಕೊಳ್ಳುತ್ತಾರೆ. ಬಾಳೆಗೊನೆ, ಮಾವಿನ ಮಿಡಿ, ಮಲ್ಲಿಗೆ ಮೊಗ್ಗು ಮಾಡಿ. ಯಾವ ಅಜ್ಜಿಯೂ ಏಳುವುದಿಲ್ಲ.

ಬಡಿಸುವುದು ಎಲ್ಲಿ ಎಂಬುದಿನ್ನೂ ಇತ್ಯರ್ಥವಾಗಿಲ್ಲ. ಬಾಳೆಲೆಯಲ್ಲಿ ಉಪ್ಪು, ಕೋಸಂಬರಿ, ಪಲ್ಯ ಪ್ರತಿಯೊಂದಕ್ಕೂ ಅದರದೇ ಜಾಗ. ಕೇಕಿಗೆ ಯಾರೂ ಕೊಟ್ಟಿಲ್ಲ. ಎಲೆಗೆ ಹಾಕಿದರೆ ಕ್ರೀಮು ಸಾರಿನೊಳಕ್ಕೆ ಹರಿಯುತ್ತದೆ. ಊಟವೆಲ್ಲ ಮುಗಿದ ಮೇಲೆ, ನಾಲ್ಕು ಗಂಟೆಯ ಕಾಫಿ ಜೊತೆ ಕೊಡುವುದೇ ವಾಸಿ.