ಅಜ್ಜನ ಲೆಕ್ಕದ ಪುಸ್ತಕ

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಜ್ಜನ ಹಳೆಯ ಲೆಕ್ಕದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಯಾವ ವರ್ಷ ಎಷ್ಟು ಇಂಚು ಮಳೆಯಾಗಿತ್ತು ಎಂದು ಅಪ್ಪನಿಗೂ ಚಿಕ್ಕಪ್ಪನಿಗೂ ವಾದ ಹತ್ತಿತ್ತು. ಸಾಗರದ ಕಡೆಯ ನಮ್ಮ ಅಡಿಕೆ ತೋಟದ ಬಗ್ಗೆ ಅಜ್ಜ ನಲವತ್ತು ವರ್ಷ ದಿನವೂ ಬರೆದಿಟ್ಟ ಪುಸ್ತಕಗಳವು. ಮಳೆ, ಆಳಿನ ಲೆಕ್ಕ, ಕೊನೆಕೊಯ್ಲು, ಮಂಡಿಯ ದರ, ಹಸು ಕರು ಹಾಕಿದ ದಿನ.

ಮಳೆಯ ಲೆಕ್ಕ ಸಿಕ್ಕಿತು, ಚಿಕ್ಕಪ್ಪ ಗೆದ್ದ. ಜೊತೆಗೆ ನಾನು ಹುಡುಕದೇ ಇದ್ದದ್ದೂ ಸಿಕ್ಕಿತು. 2009ರ ಪುಸ್ತಕದಲ್ಲಿ ಒಂದು ಸಾಲಿಗೆ ಐದಾರು ಪದಗಳಿವೆ, 2015ರಲ್ಲಿ ಎಂಟು. 2017ರ ಮಳೆಗಾಲದ ಹೊತ್ತಿಗೆ ಅಕ್ಷರಗಳು ಸಾಲಿನ ಶುರುವಿನಲ್ಲಿ ಸರಿಯಾಗಿಯೇ ಇದ್ದು, ಕೊನೆಗೆ ಹೋಗುತ್ತ ಹೋಗುತ್ತ ಸಾಸಿವೆಯಷ್ಟಾಗಿವೆ. ಒತ್ತಕ್ಷರಗಳೆಲ್ಲ ಬರೀ ಚುಕ್ಕೆ.

ಅಜ್ಜನಿಗೆ ಪಾರ್ಕಿನ್ಸನ್ ಇದೆ ಎಂದು ಡಾಕ್ಟರು ಹೇಳಿದ್ದು 2021ರಲ್ಲಿ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಅದೇ ಕಾಯಿಲೆಯ ಮೇಲೆ ಪಿಎಚ್‌ಡಿ ಮಾಡಲು ನಾನು ಸೇರಿದ್ದು 2020ರಲ್ಲಿ. ಅಕ್ಷರ ಸಣ್ಣಗಾಗುವುದು ಈ ಕಾಯಿಲೆಯ ಚಿರಪರಿಚಿತ ಲಕ್ಷಣ, ನನ್ನ ಮೊದಲ ಸೆಮಿನಾರಿನ ಮೂರನೆಯ ಸ್ಲೈಡಿನಲ್ಲೇ ಅದರ ಚಿತ್ರವಿತ್ತು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಅಜ್ಜ ಉಪ್ಪಿನಕಾಯಿ ಡಬ್ಬಿಯ ಜೊತೆ ಒಂದು ಕಾಗದ ಕಳಿಸಿದ್ದ. "ನಮ್ಮಜ್ಜನ ಅಕ್ಷರ ಓದಬೇಕಾದರೆ ಲ್ಯಾಬಿನ ಮೈಕ್ರೋಸ್ಕೋಪೇ ಬೇಕು" ಎಂದು ಅದನ್ನು ರೂಮ್‌ಮೇಟಿಗೆ ತೋರಿಸಿ ನಕ್ಕಿದ್ದೆ.

ಅದಕ್ಕೂ ಮೊದಲೇ ಅಜ್ಜನಿಗೆ ವಾಸನೆ ತಿಳಿಯುವುದು ನಿಂತಿತ್ತು. ಹಾಲು ಉಕ್ಕಿ ಸೀದು ಮನೆಯೆಲ್ಲ ನಾರುತ್ತಿರುವಾಗ ಒಲೆಯ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ ಅಜ್ಜನಿಗೆ ಅಜ್ಜಿ ಬೈದದ್ದು ನಮ್ಮ ಮನೆಯ ಹಳೆಯ ತಮಾಷೆ. ನಡೆಯುವಾಗ ಎಡಗೈ ಬೀಸುವುದು ನಿಂತಿತ್ತು. ಕೈ ನಡುಗಲಿಲ್ಲ, ಹಾಗಾಗಿ ಯಾರೂ ಅನುಮಾನಪಡಲಿಲ್ಲ, ವಯಸ್ಸಾಯಿತು ಅಂದುಕೊಂಡೆವು. ನಡುಗದವರಿಗೂ ಈ ಕಾಯಿಲೆ ಇರಬಹುದು ಎಂಬುದು ನನಗೆ ಪಾಠದಲ್ಲಿ ಗೊತ್ತಿತ್ತು. 1817ರಲ್ಲಿ ಇದರ ಬಗ್ಗೆ ಮೊದಲು ಸವಿವರವಾಗಿ ಬರೆದ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ್ದು ಆರು ಜನರನ್ನು. ಅವರಲ್ಲಿ ಕೆಲವರನ್ನು ಅವನು ಕಂಡದ್ದು ಲಂಡನ್ನಿನ ಬೀದಿಯಲ್ಲಿ, ಒಬ್ಬನನ್ನಂತೂ ದೂರದಿಂದಷ್ಟೇ. ಬೀದಿಯಲ್ಲಿ ಹೋಗುವವರ ನಡಿಗೆ ನೋಡಿ ಅವನು ಗುರುತು ಹಿಡಿದ. ನಾನು ಒಂದೇ ಪಂಕ್ತಿಯಲ್ಲಿ ಕೂತು ಉಂಡವಳು.

ನನ್ನ ಕೆಲಸ ಎಣಿಸುವುದು. ಮೆದುಳಿನ ಕಾಂಡದ ಮೇಲ್ಭಾಗವನ್ನು ಅಡ್ಡಕ್ಕೆ ಕೊಯ್ದರೆ ಬರಿಗಣ್ಣಿಗೇ ಎರಡು ಕಪ್ಪು ಪಟ್ಟಿಗಳು ಕಾಣುತ್ತವೆ. ಅದರ ಹೆಸರೂ ಅದೇ: ಸಬ್‌ಸ್ಟಾನ್ಶಿಯಾ ನೈಗ್ರಾ, ಅಂದರೆ ಕಪ್ಪು ವಸ್ತು. ಅಲ್ಲಿನ ನರಕೋಶಗಳು ಡೋಪಮಿನ್ ತಯಾರಿಸುತ್ತವೆ. ವಯಸ್ಸಾದಂತೆ ಒಳಗೆ ಕಪ್ಪು ಬಣ್ಣ ಕೂಡಿಸಿಕೊಳ್ಳುತ್ತವೆ. ಪಾರ್ಕಿನ್ಸನ್ ಇದ್ದವರಲ್ಲಿ ಈ ಕೋಶಗಳು ಸಾಯುತ್ತ ಬಂದು ಪಟ್ಟಿ ಮಾಸುತ್ತದೆ. ಉಳಿದ ಕೋಶಗಳೊಳಗೆ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನು ಗಂಟುಕಟ್ಟಿಕೊಂಡು ಉಂಡೆಯಾಗಿರುತ್ತದೆ. ಕೋಶವನ್ನು ಕೊಲ್ಲುವುದು ಈ ಉಂಡೆಯೋ, ಅಥವಾ ಕೋಶ ತನ್ನನ್ನು ಉಳಿಸಿಕೊಳ್ಳಲು ಕಸವನ್ನೆಲ್ಲ ಒಂದು ಮೂಲೆಗೆ ಗುಡಿಸಿದ್ದರ ಗುರುತೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅದಕ್ಕಾಗಿಯೇ ಎಣಿಕೆ.

"ನಾಲ್ಕು ವರ್ಷದಿಂದ ಎಣಿಸ್ತಾನೇ ಇದ್ದೀಯ?" ಎಂದ ಅಜ್ಜ. "ನಮ್ಮ ಕೊನೆಗೌಡ ಒಂದೇ ದಿನಕ್ಕೆ ಇಡೀ ತೋಟದ ಕೊನೆ ಎಣಿಸಿ ಹೇಳ್ತಾನೆ ಕೂಸೇ."

ಈ ನಾಲ್ಕು ವರ್ಷಗಳಲ್ಲಿ ನನ್ನ ಸಂಶೋಧನೆಯಿಂದ ಅಜ್ಜನಿಗೆ ಆದ ಉಪಯೋಗ ಸೊನ್ನೆ. ಉಪಯೋಗಕ್ಕೆ ಬಂದದ್ದು ಅಜ್ಜನ ಲೆಕ್ಕವೇ. ಮಾತ್ರೆ ಶುರುವಾದ ಮೇಲೆ ಅಜ್ಜ ಮಳೆ ಮತ್ತು ಆಳಿನ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದಿದ್ದ: ಮಾತ್ರೆ ಹಿಡಿದ ಹೊತ್ತಿಗೆ 'ಹಿ', ಬಿಟ್ಟ ಹೊತ್ತಿಗೆ 'ಬಿ', ಪಕ್ಕದಲ್ಲಿ ಗಂಟೆ. ಮಧ್ಯಾಹ್ನದ ಮಾತ್ರೆ ಹಿಡಿಯುತ್ತಲೇ ಇರಲಿಲ್ಲ. ಪುಟಗಳ ಫೋಟೋ ನೋಡಿದ ಡಾಕ್ಟರು ಊಟದ ವಿಷಯ ಕೇಳಿದರು. ತೊವ್ವೆ, ಮಜ್ಜಿಗೆ ಎಲ್ಲ ಮುಗಿಸಿ ಕೈ ತೊಳೆದ ಕೂಡಲೇ ಮಾತ್ರೆ. ಊಟದ ಪ್ರೋಟೀನಿನ ಅಂಶಗಳೂ ಈ ಔಷಧವೂ ಕರುಳನ್ನೂ ಆಮೇಲೆ ಮೆದುಳನ್ನೂ ಹೊಗುವುದು ಒಂದೇ ಬಾಗಿಲಿನಿಂದ, ನೂಕುನುಗ್ಗಲಿನಲ್ಲಿ ಔಷಧ ಹೊರಗೇ ಉಳಿಯುತ್ತದೆ. ಡಾಕ್ಟರು ಹೊತ್ತು ಬದಲಿಸಿದರು, ಮಧ್ಯಾಹ್ನಗಳು ವಾಪಸು ಬಂದವು.

ಅಜ್ಜಿಯೂ ಕಡಿಮೆಯವಳಲ್ಲ. ಅಜ್ಜ ಹೊಸ್ತಿಲ ಮುಂದೆ ಬಂದು ಗಕ್ಕನೆ ನಿಂತುಬಿಡುತ್ತಿದ್ದ. ಕಾಲು ನೆಲಕ್ಕೆ ಅಂಟಿದ ಹಾಗೆ. ಎಳೆದರೆ ಬೀಳುವುದೇ. ಒಂದು ದಿನ ಅಜ್ಜಿ ಅಂಗಳದಿಂದ ಅಡಿಕೆ ದಬ್ಬೆಯ ತುಂಡೊಂದನ್ನು ತಂದು ಕಾಲ ಮುಂದೆ ಅಡ್ಡ ಇಟ್ಟು, "ಇದನ್ನ ದಾಟಿ" ಅಂದಳಂತೆ. ದಾಟಿದ. ಕಣ್ಣಿಗೆ ಕಾಣುವ ಗೆರೆಯೊಂದಿದ್ದರೆ ನಿಂತ ಹೆಜ್ಜೆ ಮತ್ತೆ ಏಳುತ್ತದೆ ಎಂಬುದನ್ನು ನಾನು ಓದಿದ್ದೆ, ಹೇಳಲು ಹೊಳೆದಿರಲಿಲ್ಲ. ದಬ್ಬೆಗೆ ಎಡವಿಯಾರು ಎಂದು ಅಲ್ಲಿ ಬಿಳಿ ಬಣ್ಣದ ಪಟ್ಟಿ ಬಳಿದದ್ದಷ್ಟೇ ನನ್ನ ಕೊಡುಗೆ.

ಆ ದೀಪಾವಳಿಯಲ್ಲಿ ಮಾತ್ರೆಯ ಕಥೆ ಹೇಳು ಎಂದ ಅಜ್ಜ. ನಮ್ಮ ಬೇಲಿಯ ನಸುಗುನ್ನಿಯಿಂದ ಶುರುಮಾಡಿದೆ. ಅದರ ರೋಮ ತಾಗಿ ಮೈಯೆಲ್ಲ ತುರಿಸಿಕೊಂಡು ಅತ್ತವರೇ ನಾವೆಲ್ಲ. ಆ ಕಾಯಿಯ ಬೀಜದಿಂದ 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬಿಬ್ಬರು ಲೆವೊಡೋಪಾ ಬೇರ್ಪಡಿಸಿದ್ದರು. ಡೋಪಮಿನ್‌ಗೂ ಈ ಕಾಯಿಲೆಗೂ ನಂಟಿದೆ ಎಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ. "ಹಾಗಾದ್ರೆ ಬೇಲಿಯಲ್ಲಿರೋದನ್ನೇ ತಿಂದ್ರಾಯ್ತಲ್ಲ, ಮಾತ್ರೆ ದುಡ್ಡು ಉಳೀತು." ಬೀಜದಿಂದ ಬೀಜಕ್ಕೆ ಅಂಶ ಹೆಚ್ಚುಕಡಿಮೆ ಇರುತ್ತದೆ, ಹಾಗೆಲ್ಲ ತಿನ್ನಬಾರದು ಎಂದು ಗದರಿಸಿದೆ.

ಆಮೇಲೆ ವಿಯೆನ್ನಾ. ಅಲ್ಲಿ ಹೊರ್ನಿಕೀವಿಚ್ ಎಂಬಾತ ಎಹ್ರಿಂಗರ್ ಎಂಬ ಜೊತೆಗಾರನೊಂದಿಗೆ, ತೀರಿಹೋದವರ ಮೆದುಳಿನ ತುಣುಕುಗಳಿಂದ ರಸ ತೆಗೆದು ರಾಸಾಯನಿಕ ಬೆರೆಸಿ ನೋಡುತ್ತಿದ್ದ. ಡೋಪಮಿನ್ ಇದ್ದರೆ ಗುಲಾಬಿ ಬಣ್ಣ ಬರಬೇಕು. ಬೇರೆಯವರದ್ದು ಗುಲಾಬಿಯಾಯಿತು, ಪಾರ್ಕಿನ್ಸನ್ ಇದ್ದವರದ್ದು ಆಗಲಿಲ್ಲ. ಯಂತ್ರವಿಲ್ಲದೆ, ಬರಿಗಣ್ಣಿಗೇ ಕಂಡಿತು. 1960ರಲ್ಲಿ ಅದು ಪ್ರಕಟವಾಯಿತು. ಮರುವರ್ಷ ಅದೇ ಊರಿನಲ್ಲಿ ಬಿರ್ಕ್‌ಮಾಯರ್ ಎಂಬ ವೈದ್ಯ ಲೆವೊಡೋಪಾ ಚುಚ್ಚಿದಾಗ, ಹಾಸಿಗೆಯಿಂದ ಏಳಲಾರದೆ ಇದ್ದವರು ಕೆಲವು ಗಂಟೆಗಳ ಮಟ್ಟಿಗೆ ಎದ್ದು ನಡೆದರು.

ಅಜ್ಜನ ಮುಖದಲ್ಲಿ ಈಗ ಭಾವ ಬೇಗ ಕಾಣುವುದಿಲ್ಲ, ಅದೂ ಕಾಯಿಲೆಯದ್ದೇ. ಸುಮ್ಮನೆ ನೋಡುತ್ತಿದ್ದವನು ಕೇಳಿದ:

"ಆ ಮೆದುಳು ಯಾರದ್ದು?"

"ಸತ್ತವರದ್ದು ಅಜ್ಜ."

"ನೀನು ಎಣಿಸೋದು?"

"ಅದೂ."

ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ, ಮನೆಯವರು ಒಪ್ಪಿದರೆ ಅಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ದೇಹವನ್ನು ಕ್ರಿಯೆಗೆ ವಾಪಸು ಕೊಡುತ್ತಾರೆ, ಮುಖ ಕೆಡುವುದಿಲ್ಲ ಎಂದೆಲ್ಲ ವಿವರಿಸಿದೆ. ಈ ಮಾತು ನನಗೆ ಬಾಯಿಪಾಠ. "ಹಾಗಾದ್ರೆ ನಂದನ್ನೂ ಕೊಡು" ಎಂದ ಅಜ್ಜ, ಹಟ್ಟಿಯ ಗೊಬ್ಬರ ಪಕ್ಕದ ಮನೆಯವರಿಗೆ ಕೊಡು ಎನ್ನುವ ಧಾಟಿಯಲ್ಲಿ.

ನಮ್ಮಲ್ಲಿ ದಾನಿಗಳು ಸಾಲದು ಎಂದು ಹೋದಲ್ಲೆಲ್ಲ ಗೊಣಗುವವಳು ನಾನು. ನನಗೆ ಬಾಯಿ ಬರಲಿಲ್ಲ. ನಾನು ನೋಡುವ ಗಾಜಿನ ಸ್ಲೈಡುಗಳ ಮೇಲೆ ಒಂದು ಸಂಖ್ಯೆ ಮಾತ್ರ ಇರುತ್ತದೆ, ಪಟ್ಟಿಯಲ್ಲಿ ಅದರ ಮುಂದೆ ವಯಸ್ಸು, ಗಂಡೋ ಹೆಣ್ಣೋ, ಸತ್ತ ಮೇಲೆ ಎಷ್ಟು ಗಂಟೆ. ಆ ಪಟ್ಟಿಯಲ್ಲಿ 'ಗಂಡು, 81' ಎಂಬ ಸಾಲು ಕಣ್ಣಿಗೆ ಕಟ್ಟಿತು. ಮೇಲಾಗಿ ಕೆಲವೇ ಗಂಟೆಗಳೊಳಗೆ ತಲುಪಿಸಬೇಕು, ನಮ್ಮೂರಿನಿಂದ ಬೆಂಗಳೂರಿಗೆ ಏಳೆಂಟು ಗಂಟೆಯ ದಾರಿ. ಇದನ್ನೇ ನೆಪ ಮಾಡಿಕೊಂಡು, "ದೂರ ಆಗುತ್ತೆ ಅಜ್ಜ" ಎಂದೆ.

"ಅದಕ್ಕೆ ಮೊದ್ಲೇ ಬೆಂಗಳೂರಿಗೆ ಬಂದು ಇರ್ತೀನಿ ಬಿಡು" ಎಂದು ಅವನು ನಕ್ಕ. ಅಪ್ಪ, "ಹಬ್ಬದ ದಿನ ಇದೆಂಥ ಮಾತು" ಎಂದು ಎದ್ದು ತೋಟಕ್ಕೆ ಹೋದ. ಅಜ್ಜಿ ಒಳಗಿನಿಂದಲೇ, "ನನ್ನನ್ನ ಯಾರಾದ್ರೂ ಕೇಳಿದ್ರಾ?" ಅಂದಳು. ಯಾರೂ ಕೇಳಿರಲಿಲ್ಲ. ಆಮೇಲೂ ಕೇಳಲಿಲ್ಲ.

ಫಾರ್ಮು ಆಗಿನಿಂದ ನನ್ನ ಬ್ಯಾಗಿನಲ್ಲೇ ಇದೆ. ಎರಡು ಸಲ ಊರಿಗೆ ಹೋಗಿ ಬಂದಿದೆ. ಮೊನ್ನೆ ಫೋನಿನಲ್ಲಿ ಅಜ್ಜ ಅದರ ಸುದ್ದಿ ಎತ್ತಲಿಲ್ಲ. ಕೊನೆಗೌಡ ಕೈಕೊಟ್ಟಿದ್ದಾನೆ, ಒಂದು ಮಂಗನ ಹಿಂಡು ಬಂದು ಸೇರಿಕೊಂಡಿದೆ ಎಂದ. ಪುಸ್ತಕ ಮುಗಿಯುತ್ತ ಬಂತಂತೆ. ಮುಂದಿನ ಸಲ ಬರುವಾಗ ಗೆರೆ ಅಗಲ ಇರುವ ಪುಸ್ತಕ ತಾ, ಅಂಥದ್ದರಲ್ಲಿ ಅಕ್ಷರ ಸ್ವಲ್ಪ ದೊಡ್ಡದಾಗಿ ಬರುತ್ತೆ ಎಂದು ಹೇಳಿ, ಮಾತ್ರೆಯ ಹೊತ್ತಾಯಿತೆಂದು ಫೋನಿಟ್ಟ.