ಎಬಿಡಿನ ಆರನೇ ನಂಬರಿಗೆ ಯಾಕ್ ಕಳಿಸಿದ್ರಿ?

ನಮ್ಮ ಹಾಸ್ಟೆಲ್‌ನಲ್ಲಿ ಹೆಸರಿಗಿಂತ ಊರು ಮುಖ್ಯ. ನಾನು ಶಹಾಬಾದ್, ನನ್ನ ರೂಮ್‌ಮೇಟ್ ಸೇಡಂ. ಮೊದಲ ವರ್ಷದಿಂದ ಹಂಗೇ ಕರೀತಾರೆ. ಶಹಾಬಾದ್ ಅಂದ್ರೆ ಕಲ್ಲಲ್ವಾ ಅಂತ ಕೇಳಿದವರಿಗೆಲ್ಲ ಹೂಂ, ನಿಮ್ಮ ಅಜ್ಜನ ಮನೆ ಜಗಲಿ ನೋಡ್ಕೊಳ್ಳಿ ಅಂತೀನಿ. ಆದರೆ ಮೂರನೇ ಮಹಡಿಯವರು ನನ್ನನ್ನು ಗುರುತಿಸೋದು ಕಲ್ಲಿನಿಂದಲ್ಲ, ಬಾಯಿಂದ. ಆರ್‌ಸಿಬಿ ಸೋತ ರಾತ್ರಿ ಟಿವಿ ರೂಮಿನಲ್ಲಿ ಕೋಚ್‌ಗೆ ಬೈಯೋ ದನಿ ಕೇಳಿದರೆ ಅದು ನಂದು.

ಆಟಗಾರರಿಗೆ ನಾನು ಬೈಯಲ್ಲ. ಕ್ಯಾಚ್ ಬಿಟ್ಟವನಿಗೂ ಬೈಯಲ್ಲ, ಕೈ ಜಾರುತ್ತೆ. ಆದರೆ ನಿರ್ಧಾರ ಜಾರುವುದಿಲ್ಲ, ಅದನ್ನ ಯಾರೋ ಕೂತು ಯೋಚನೆ ಮಾಡಿ ತಗೊಂಡಿರ್ತಾರೆ. 2016ರ ಮೇ 29ರ ಫೈನಲ್‌ನಲ್ಲಿ ವಾಟ್ಸನ್‌ಗೆ ಕೊನೇ ಓವರ್ ಕೊಟ್ಟು 24 ರನ್ ಹೋದಾಗ ನಾನು ಪ್ರೈಮರಿ ಸ್ಕೂಲ್ ಹುಡುಗ. ಸೋತಿದ್ದು 8 ರನ್‌ನಿಂದ. ಆ ಲೆಕ್ಕ ಮಾಡೋಕೆ ಎಂಜಿನಿಯರಿಂಗ್ ಬೇಕಾಗಿರಲಿಲ್ಲ. ಆದರೂ ಅದನ್ನ ಹೆಂಗೋ ನುಂಗಿದೆ. ನುಂಗಲಾರದ್ದು ಅಂದ್ರೆ 2020ರ ಅಕ್ಟೋಬರ್ 15.

ಆ ವಾರ ನಮ್ಮ ಕಡೆ ವಿಪರೀತ ಮಳೆ. ಕಾಗಿಣಾ ತುಂಬಿ ಹರೀತಿತ್ತು. ಊರಲ್ಲಿ ಕರೆಂಟ್ ಬರೋದು ಹೋಗೋದು, ಟಿವಿ ನಂಬಂಗಿರಲಿಲ್ಲ. ನಾನು ಆಗ ಪಿಯುಸಿ ಮೊದಲ ವರ್ಷ. ಆನ್‌ಲೈನ್ ಕ್ಲಾಸಿಗೆ ಅಂತ ಅಪ್ಪ ಕಂತಿನ ಮೇಲೆ ಒಂದು ಫೋನ್ ಕೊಡಿಸಿದ್ದ. ಅಪ್ಪಂದು ಫರಶಿ ಕಲ್ಲು ಪಾಲಿಶ್ ಮಾಡೋ ಕೆಲಸ. ಮನೆಮನೆಗೂ ಟೈಲ್ಸ್ ಬಂದ ಮೇಲೆ ಕೆಲಸ ಮೊದಲೇ ಕಮ್ಮಿ, ಕೊರೋನಾದಲ್ಲಿ ಅದೂ ಇಲ್ಲ. ಹಂಗಾಗಿ ಅಂಗೈಯಗಲದ ಸ್ಕ್ರೀನಿನ ಮುಂದೆ ಅಪ್ಪ, ನಾನು, ನಡುವೆ ಚುರುಮುರಿ ಪುಟ್ಟಿ. ಆ ಮಳೆಗಾಲದಲ್ಲಿ ನಮ್ಮ ಮನೇಲಿ ಖುಷಿ ಅಂತ ಇದ್ದಿದ್ದು ಅಷ್ಟೇ.

ಮೂರು ದಿನದ ಹಿಂದೆ ಅದೇ ಶಾರ್ಜಾ ಮೈದಾನದಲ್ಲಿ ಎಬಿ ಡಿವಿಲಿಯರ್ಸ್ ಕೋಲ್ಕತ್ತಾ ಮೇಲೆ 33 ಎಸೆತಕ್ಕೆ 73 ಹೊಡೆದಿದ್ದ. ಈವತ್ತು ಎದುರಿಗೆ ಪಂಜಾಬ್. ಎರಡನೇ ವಿಕೆಟ್ ಬಿತ್ತು. ಅಪ್ಪ ಚುರುಮುರಿ ಕೈಯಲ್ಲಿ ಹಿಡಿದೇ, "ಬಂದ ನೋಡು ನಮ್ಮವ" ಅಂದ. ಬಂದಿದ್ದು ವಾಷಿಂಗ್ಟನ್ ಸುಂದರ್. ಸುಂದರ್ ಔಟಾದ, ಬಂದಿದ್ದು ಶಿವಂ ದುಬೆ. ಪಂಜಾಬ್‌ನಲ್ಲಿ ಮುರುಗನ್ ಅಶ್ವಿನ್, ರವಿ ಬಿಷ್ಣೋಯ್ ಅಂತ ಇಬ್ಬರು ಲೆಗ್ ಸ್ಪಿನ್ನರ್‌ಗಳು, ಅವರಿಗೆ ಎಡಗೈ ಬ್ಯಾಟರ್‌ಗಳನ್ನ ಬಿಡಬೇಕು ಅನ್ನೋದು ಪ್ಲಾನ್. ಎಡಗೈ-ಬಲಗೈ ಜೋಡಿ ಇರಲಿ ಅಂತ ಹೊರಗಿಂದ ಸಂದೇಶ ಬಂದಿತ್ತು ಅಂತ ಪಂದ್ಯ ಮುಗಿದ ಮೇಲೆ ಕೊಹ್ಲಿನೇ ಹೇಳಿದ. ಹೆಡ್ ಕೋಚ್ ಸೈಮನ್ ಕ್ಯಾಟಿಚ್, ಮೇಲೆ ಮೈಕ್ ಹೆಸನ್. ಎಬಿಡಿ ಬಂದಿದ್ದು ಆರನೇ ನಂಬರಿಗೆ. 5 ಎಸೆತ, 2 ರನ್, ಶಮಿ ಕೈಲಿ ಔಟ್.

ಅಪ್ಪ ಕೇಳಿದ್ದು ಒಂದೇ ಮಾತು: "ಕೈಯಾಗ ಸುತ್ತಿಗಿ ಅದ. ಅದನ್ನ ಚೀಲದಾಗ ಇಟ್ಟು ಕಲ್ಲಿಗಿ ಮುಷ್ಟೀಲೆ ಗುದ್ದತಾರೇನೋ?"

ನಾವು 171 ಹೊಡೆದ್ವಿ. ಪಂಜಾಬ್ ಕೊನೇ ಎಸೆತದಲ್ಲಿ ಪೂರನ್ ಸಿಕ್ಸರ್‌ನಿಂದ ಗೆದ್ದಿತು. ಗೆಲ್ಲಿಸಿದ್ದು ಯಾರು? ರಾಹುಲ್ 61 ನಾಟ್ ಔಟ್, ಗೇಲ್ 53. ಇಬ್ಬರೂ ನಮ್ಮವರಾಗಿದ್ದವರು, 2018ರ ಹರಾಜಿಗೆ ಮುಂಚೆ ನಾವೇ ಕೈಬಿಟ್ಟವರು. ಬೆಂಗಳೂರಲ್ಲಿ ಹುಟ್ಟಿ ಸುರತ್ಕಲ್‌ನಲ್ಲಿ ಬೆಳೆದ ಹುಡುಗ ಪಂಜಾಬ್ ಕ್ಯಾಪ್ಟನ್ ಆಗಿ ಬೆಂಗಳೂರನ್ನ ಸೋಲಿಸ್ತಾನೆ. ಅಪ್ಪ ಫೋನ್ ಮಗುಚಿ ಇಟ್ಟು ಮಲಗೋಕೆ ಹೋದ. ನಾನು ಕತ್ತಲಲ್ಲಿ ಕೂತು ಕ್ಯಾಟಿಚ್‌ಗೆ ಶಹಾಬಾದ್ ಭಾಷೆಯಲ್ಲಿ ಏನೇನಂದೆ ಅನ್ನೋದನ್ನ ಸಂಪಾದಕರು ಇಲ್ಲಿ ಹಾಕಲ್ಲ.

ಆ ಸಿಟ್ಟನ್ನ ಆರನೇ ಸೆಮಿಸ್ಟರ್‌ವರೆಗೆ ಕಾಪಾಡಿಕೊಂಡು ಬಂದೆ. ಮೆಷಿನ್ ಲರ್ನಿಂಗ್ ಮಿನಿ ಪ್ರಾಜೆಕ್ಟ್ ಅಂದಾಗ ಎಲ್ಲರೂ ಮನೆ ಬೆಲೆ ಊಹಿಸಿದರು, ನಾನು ಕ್ರಿಕ್‌ಶೀಟ್‌ನಿಂದ ಐಪಿಎಲ್‌ನ ಎಸೆತ ಎಸೆತದ ಡೇಟಾ ಇಳಿಸಿಕೊಂಡೆ. ಕ್ಯಾಟಿಚ್ ತಪ್ಪು ಅಂತ ಗ್ರಾಫ್ ಹಾಕಿ ತೋರಿಸಬೇಕಿತ್ತು. ತೋರಿಸೋಕೆ ಆಗಲಿಲ್ಲ. ಒಬ್ಬ ಬ್ಯಾಟರ್, ಒಬ್ಬ ಬೌಲರ್ ಅಂತ ಜೋಡಿ ಮಾಡಿದ ಕೂಡಲೇ ಎಸೆತಗಳು ಬೆರಳೆಣಿಕೆಗೆ ಇಳೀತಾವೆ. ಇಷ್ಟು ಸಣ್ಣ ಸ್ಯಾಂಪಲ್ ಇಟ್ಟುಕೊಂಡು ಯಾರೂ ಏನೂ ಹೇಳೋಕಾಗಲ್ಲ ಅಂತ ವೈವಾದಲ್ಲಿ ನಾನೇ ಹೇಳಿದೆ. ಒಳ್ಳೆ ಮಾರ್ಕ್ಸ್ ಬಂತು.

2025ಕ್ಕೆ ಸಿರಾಜ್‌ನ ಬಿಟ್ಟು, ಹೇಜಲ್‌ವುಡ್, ಭುವನೇಶ್ವರ್‌ಗೆ ಹತ್ತು ಹತ್ತು ಕೋಟಿ ಮೇಲೆ ಸುರಿದಾಗಲೂ ಹಾಸ್ಟೆಲ್ ಗ್ರೂಪಿನಲ್ಲಿ ಆಂಡಿ ಫ್ಲವರ್‌ಗೆ ಶ್ರದ್ಧಾಂಜಲಿ ಬರೆದವನು ನಾನೇ. ಜೂನ್ 3ಕ್ಕೆ ಕಪ್ ಬಂತು. ಅಪ್ಪ ಫೋನ್ ಮಾಡಿ ಮಾತೇ ಆಡದೆ ನಕ್ಕ. ಮರುದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಹಾಕಿದ್ದ ಸ್ಟೇಟಸ್ ಎಲ್ಲ ತೆಗೆದೆ. ಅದರ ಬಗ್ಗೆ ಈಗಲೂ ನಾವು ರೂಮಿನಲ್ಲಿ ಹೆಚ್ಚು ಮಾತಾಡಲ್ಲ.

ಈಗ ಹೋದ ಸೆಮಿಸ್ಟರ್ ಕಥೆ. ಇಂಟರ್ ಬ್ರಾಂಚ್ ಟೆನಿಸ್ ಬಾಲ್ ಟೂರ್ನಮೆಂಟ್, ಹತ್ತು ಓವರ್. ನನಗೆ ಆಡೋಕೆ ಬರಲ್ಲ, ಬೈಯೋಕೆ ಬರುತ್ತೆ. ಅದಕ್ಕೇ ಹುಡುಗರು ತಮಾಷೆಗೆ ನನ್ನನ್ನ ಕೋಚ್ ಮಾಡಿದರು. ನಾನು ತಮಾಷೆಗೆ ತಗೊಳ್ಳಲಿಲ್ಲ, ಎಕ್ಸೆಲ್ ಶೀಟ್ ಮಾಡಿದೆ.

ಸೆಮಿಫೈನಲ್, ಮೆಕ್ಯಾನಿಕಲ್ ಮೇಲೆ. 92 ಬೇಕು. ಐದು ಓವರಿಗೆ 48ಕ್ಕೆ 2. ಮುಂದೆ ಹೋಗಬೇಕಾದವನು ಸೇಡಂ. ನಮ್ಮ ಬ್ರಾಂಚಿನ ಎಬಿಡಿ ಅಂದ್ರೆ ಅವನೇ. ಪ್ಯಾಡಿಲ್ಲ ಗೀಡಿಲ್ಲ, ಪ್ಯಾಂಟ್ ಮಡಚಿಕೊಂಡು ಬ್ಯಾಟ್ ಹಿಡಿದು ಎದ್ದು ನಿಂತ. ಆದರೆ ಮೆಕ್ಯಾನಿಕಲ್‌ನ ಲೆಗ್ ಸ್ಪಿನ್ನರ್‌ಗೆ ಇನ್ನೂ ಎರಡು ಓವರ್ ಇತ್ತು. ನನ್ನ ಶೀಟಿನ ಪ್ರಕಾರ ಅವನ ಎದುರಿಗೆ ಸೇಡಂ ಆಡಿದ್ದು 6 ಎಸೆತ, ಔಟಾಗಿದ್ದು ಎರಡು ಸಲ. "ನೀ ಕೂಡು, ಆಮ್ಯಾಲ ಹೋಗು" ಅಂದೆ. ಅವನು ಒಂದು ಸಲ ನನ್ನ ಮುಖ ನೋಡಿ ಕೂತ. ಇಬ್ಬರು ಎಡಗೈಯವರನ್ನ ಕಳಿಸಿದೆ. ಹೌದು, ಎಡಗೈಯವರನ್ನ. ಆ ಕ್ಷಣ ನನಗೆ ಶಾರ್ಜಾ ನೆನಪೇ ಆಗಲಿಲ್ಲ ಅಂದ್ರೆ ನೀವು ನಂಬಲ್ಲ.

ಸೇಡಂ ಕ್ರೀಸಿಗೆ ಹೋಗೋ ಹೊತ್ತಿಗೆ ಒಂದೇ ಓವರ್ ಉಳಿದಿತ್ತು, 19 ಬೇಕು, ಅದರಲ್ಲೂ ಮೊದಲ ಎಸೆತ ಇನ್ನೊಬ್ಬನಿಗೆ. 4 ಎಸೆತ ಆಡಿದ, ಒಂದು ಸಿಕ್ಸ್, ಒಂದು ಫೋರ್, 11 ನಾಟ್ ಔಟ್. 6 ರನ್‌ನಿಂದ ಸೋತ್ವಿ. ಕಾಲೇಜಿನಲ್ಲಿ ಅವನ ಕೊನೇ ಪಂದ್ಯ ಅದು, ಫೈನಲ್ ಇಯರ್ ನೋಡ್ರಿ. ಯಾರೂ ನನಗೆ ಬೈಯಲಿಲ್ಲ. ಬೈದಿದ್ರೆ ಚಲೋ ಇತ್ತು.

ಸಂಕ್ರಾಂತಿ ರಜೆಗೆ ಇಬ್ಬರೂ ಒಂದೇ ರೈಲಿಗೆ ಊರಿಗೆ ಹೊರಟಿದ್ವಿ. ಗುಂತಕಲ್ ದಾಟಿತು, ರಾಯಚೂರು ದಾಟಿತು, ಮಾತು ಪ್ಲೇಸ್‌ಮೆಂಟ್ ಸುತ್ತಾನೇ ತಿರುಗ್ತಿತ್ತು. ಯಾದಗಿರಿ ಆದ ಮೇಲೆ ತಡೀಲಾರದೆ ಶೀಟಿನ ಕಥೆ, 6 ಎಸೆತದ ಕಥೆ, ವೈವಾದಲ್ಲಿ ನಾನೇ ಹೇಳಿದ ಮಾತು, ಎಲ್ಲ ಹೇಳಿದೆ. ಅವನು ಕಿಟಕಿ ಕಡೆ ನೋಡ್ತಾ ಕೇಳಿದ. ಹೊರಗೆ ತೊಗರಿ ಹೊಲ.

"ನಾ ಹೋಗಿದ್ರ ಔಟ್ ಆಗ್ತಿದ್ನೋ ಏನೋ, ಯಾರಿಗಿ ಗೊತ್ತು" ಅಂದ. "ಆ ಎರಡು ಸಲ ಔಟ್ ಆದದ್ದು ಹೆಂಗ ಅಂತರ ಗೊತ್ತದೇನು ನಿನಗ? ಒಮ್ಮಿ ರನ್ ಔಟ್. ನನ್ನ ಕೇಳಿದ್ರ ಹೇಳ್ತಿದ್ದೆ."

ನನ್ನ ಶೀಟಿನಲ್ಲಿ ಔಟ್ ಅಂತ ಒಂದೇ ಕಾಲಂ ಇತ್ತು. ಹೆಂಗೆ ಔಟ್ ಅನ್ನೋ ಕಾಲಂ ಇರಲಿಲ್ಲ.

ವಾಡಿ ಜಂಕ್ಷನ್ ಬಂತು. ಸೇಡಂಗೆ ಅಲ್ಲಿ ರೈಲು ಬದಲಾಯಿಸಬೇಕು. ಬ್ಯಾಗ್ ಹೆಗಲಿಗೇರಿಸಿ ಇಳಿದು, ಪ್ಲಾಟ್‌ಫಾರ್ಮಿನಿಂದ ಕಿಟಕಿ ಹತ್ತಿರ ಬಂದು, "ಲೇ ಕ್ಯಾಟಿಚ್, ಮನಿಗಿ ಹೋಗಿ ಅಪ್ಪಗ ಹೇಳು, ಸುತ್ತಿಗಿ ಚೀಲದಾಗೇ ಇತ್ತಂತ" ಅಂದ. ನಕ್ಕನಾ ಅಂತ ನೋಡೋಕೆ ಬಗ್ಗಿದೆ. ಅಷ್ಟರಲ್ಲಿ ಓವರ್‌ಬ್ರಿಡ್ಜ್ ಹತ್ತಿದ್ದ.