ಎರಡೂ ಎರಡೂ ನಾಲ್ಕು ಅನ್ನೋದಕ್ಕೂ ಪುರಾವೆ ಬೇಕಾ?



1+1=2 ಅಂತ ಹೇಳೋಕೆ ಇಬ್ಬರು ಪಂಡಿತರು ಮುನ್ನೂರು ಚಿಲ್ಲರೆ ಪುಟ ಬರೆದ್ರಂತೆ ಅನ್ನೋ ತಮಾಷೆ ವಾಟ್ಸಾಪಲ್ಲಿ ತಿರುಗ್ತಾ ಇರುತ್ತೆ. ಬರೆದವರು ರಸೆಲ್ ಮತ್ತು ವೈಟ್‌ಹೆಡ್, ಪುಸ್ತಕದ ಮೊದಲ ಸಂಪುಟ ಬಂದದ್ದು 1910ರಲ್ಲಿ. ನಗು ಬರೋದು ಸಹಜ. ಆದರೆ ಆ ಪುಟಗಳು ಯಾಕೆ ಬೇಕಾದವು ಅನ್ನೋದು ಆ ತಮಾಷೆಯಲ್ಲಿ ಇರಲ್ಲ.

ಲೈಬ್ನಿಟ್ಸ್ ಅನ್ನೋ ಜರ್ಮನ್ ತತ್ವಜ್ಞಾನಿ ಅದಕ್ಕೂ ಇನ್ನೂರು ವರ್ಷ ಮೊದಲೇ 2+2=4 ಅನ್ನು ಸಾಧಿಸಿ ತೋರಿಸಿದ್ದ. 2 ಅಂದ್ರೆ 1+1. 3 ಅಂದ್ರೆ 2+1. 4 ಅಂದ್ರೆ 3+1. ಹಾಗಾದ್ರೆ 2+2 ಅಂದ್ರೆ 2+1+1, ಅದು 3+1, ಅದು 4. ಮುಗೀತು. ಎಲ್ಲಿದೆ ತಪ್ಪು, ಹುಡುಕಿ ನೋಡೋಣ.

1884ರಲ್ಲಿ ಫ್ರೇಗೆ ಅನ್ನೋ ಗಣಿತಜ್ಞ ಹುಡುಕಿದ. ಲೈಬ್ನಿಟ್ಸ್ ಆವರಣ ನುಂಗಿಬಿಟ್ಟಿದ್ದ. ಎರಡನೇ 2ರ ಜಾಗಕ್ಕೆ 1+1 ಇಟ್ಟರೆ ಸಿಗೋದು 2+(1+1). ಬೇಕಿರೋದು (2+1)+1. ಆವರಣ ಆ ಕಡೆಯಿಂದ ಈ ಕಡೆಗೆ ಹೆಂಗೆ ಬಂತು? "ಅಯ್ಯೋ ಬಿಡಪ್ಪ, ಹೆಂಗೆ ಕೂಡಿದ್ರೂ ಒಂದೇ" ಅಂತೀರಿ. ಕಳೆಯೋದ್ರಲ್ಲಿ ಮಾಡಿ ನೋಡಿ. (8−3)−2 ಮಾಡಿದ್ರೆ 3. 8−(3−2) ಮಾಡಿದ್ರೆ 7. ಆವರಣ ಸರಿಸೋ ಹಕ್ಕು ಪುಕ್ಕಟೆ ಬರಲ್ಲ. ವೋಚರ್ ಇಲ್ಲದ ಬಿಲ್ಲು, ಮೊತ್ತ ಸರಿಯಿದ್ರೂ, ಖಜಾನೆಯಿಂದ ಆಕ್ಷೇಪಣೆ ಹಾಕಿಸಿಕೊಂಡು ನಮ್ಮ ಟೇಬಲ್ಲಿಗೆ ವಾಪಸ್ ಬರುತ್ತಲ್ಲ, ಹಾಗೆ. ಶಾಲೆಯಲ್ಲಿ ಸಹವರ್ತನೀಯ ನಿಯಮ ಅಂತ ಬಾಯಿಪಾಠ ಮಾಡಿಸಿದ್ದು ಇದನ್ನೇ. ಅದಕ್ಕೊಂದು ಹೆಸರು ಯಾಕೆ ಬೇಕಿತ್ತು ಅಂತ ಮಾತ್ರ ಯಾರೂ ಹೇಳಲಿಲ್ಲ.

ಫ್ರೇಗೆ ಅಲ್ಲಿಗೇ ನಿಲ್ಲಲಿಲ್ಲ. ಇಡೀ ಅಂಕಗಣಿತವನ್ನು ತರ್ಕದ ಮೇಲೆ ಕಟ್ಟೋಕೆ ಹೊರಟ. 1902ರ ಜೂನ್‌ನಲ್ಲಿ, ಎರಡನೇ ಸಂಪುಟ ಅಚ್ಚಿನಲ್ಲಿದ್ದಾಗ, ರಸೆಲ್‌ನಿಂದ ಒಂದು ಪತ್ರ ಬಂತು. ಒಂದು ಗುಣ ಹೇಳಿದರೆ ಆ ಗುಣ ಇರೋವೆಲ್ಲ ಸೇರಿದ ಗುಂಪು ಇದ್ದೇ ಇರುತ್ತೆ ಅಂತ ಫ್ರೇಗೆ ನಂಬಿದ್ದ. ಯಾರಿಗೆ ಕೇಳಿದ್ರೂ ಹೌದು ಅನ್ನೋ ಮಾತು. ರಸೆಲ್ ಕೇಳಿದ: ತಮ್ಮೊಳಗೆ ತಾವೇ ಸೇರದ ಗುಂಪುಗಳನ್ನೆಲ್ಲ ಸೇರಿಸಿ ಒಂದು ಗುಂಪು ಮಾಡಿದರೆ, ಆ ಗುಂಪು ತನ್ನೊಳಗೆ ಸೇರುತ್ತಾ? ಸೇರುತ್ತೆ ಅಂದ್ರೆ ಸೇರಬಾರದು, ಸೇರಲ್ಲ ಅಂದ್ರೆ ಸೇರಲೇಬೇಕು. ಅಡಿಪಾಯವೇ ಬಿರುಕು ಬಿಡ್ತು. ಆ ಬಿರುಕು ಬಾರದ ಹಾಗೆ ಮತ್ತೆ ತಳದಿಂದ ಕಟ್ಟೋಕೆ ಹೋಗಿ ಅಷ್ಟು ಪುಟ ಆದದ್ದು. 1+1=2 ಅದರಲ್ಲಿ ದಾರಿ ಮಧ್ಯ ಸಿಕ್ಕ ಒಂದು ಫಲ ಅಷ್ಟೇ.

ಈಗ ನನಗೆ ನಿಜಕ್ಕೂ ಕಾಡಿದ ವಿಷಯ. ಇದೇ ಫ್ರೇಗೆ 1924ರಲ್ಲಿ ಬರೆದ ದಿನಚರಿ ಇದೆ. ಅದರಲ್ಲಿ ಯಹೂದಿಗಳ ಬಗ್ಗೆ ದ್ವೇಷ ಇದೆ, ಅವರಿಗೆ ರಾಜಕೀಯ ಹಕ್ಕು ಇರಬಾರದು ಅನ್ನೋ ಆಸೆ ಇದೆ. 2+2ರಲ್ಲಿ ಒಂದು ಆವರಣ ಜಾರಿದ್ದನ್ನು ಹಿಡಿದ ಮನುಷ್ಯ ಸ್ವಾಮಿ! ನೆರೆಯವನ ವಿಷಯ ಬಂದಾಗ ಎಲ್ಲರೂ ಹೇಳೋ ಮಾತೇ ಅವನಿಗೆ ಸಾಕಾಯ್ತು. ಊರಲ್ಲಿ ನಮ್ಮ ಬಗ್ಗೆ "ಇದೇನು ಹೊಸದಾ, ಎಲ್ಲರಿಗೂ ಗೊತ್ತಿರೋದೇ" ಅನ್ನೋರೂ ಹೀಗೇ. ಲೆಕ್ಕದಲ್ಲಿ ಪೈಸೆ ಬಿಡಲ್ಲ ಅವರು.

ಬಾಬಾಸಾಹೇಬರು 1916ರ ಮೇ ತಿಂಗಳಲ್ಲಿ ಕೊಲಂಬಿಯಾದಲ್ಲಿ ಜಾತಿಯ ಬಗ್ಗೆ ಪ್ರಬಂಧ ಮಂಡಿಸಿದಾಗ ವಯಸ್ಸು 25. ಜಾತಿ ಅಂದ್ರೆ ಏನು ಅಂತ ಸೆನಾರ್ಟ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ ಹೇಳಿದ್ದನ್ನು ಒಂದೊಂದಾಗಿ ಎತ್ತಿಕೊಂಡು, ಎಲ್ಲಿ ಸಾಲದು ಅಂತ ತೋರಿಸ್ತಾರೆ. ಆಮೇಲೆ ಒಳಮದುವೆ ಅನ್ನೋ ಒಂದೇ ಅಂಶ ಹಿಡಿದು, ಗಂಡು-ಹೆಣ್ಣಿನ ಸಂಖ್ಯೆ ಏರುಪೇರಾದರೆ ಏನಾಗುತ್ತೆ ಅನ್ನೋದರಿಂದ ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹದವರೆಗೆ ಹೆಜ್ಜೆ ಹೆಜ್ಜೆಯಾಗಿ ಹೋಗ್ತಾರೆ. ನಡುವೆ ಆವರಣ ಎಲ್ಲಾದ್ರೂ ಜಾರಿದೆಯಾ ಅಂತ ಪೆನ್ಸಿಲ್ ಹಿಡಿದು ಓದಿ, ಕಾಮೆಂಟಲ್ಲಿ ಬರೀರಿ. ಈ ಭಾನುವಾರ ಅದನ್ನೇ ಕೂತು ಮಾತಾಡೋಣ.